ಹತ್ತಲ್ಲ, ಹನ್ನೊಂದು!

ಜೀಪಿನಿಂದ ಬಂದ ಕಲ್ಲೇಟಿಗೆ ಹಿಂದಿನ ಗಾಜು ಚೂರುಚೂರಾಯಿತು!

ಗುಂಡ್ಲುಪೇಟೆ ಬಿಟ್ಟಾಗಿನಿಂದ ಕರಿ ಜೀಪು ನನ್ನ ಕಾರಿನ ಬೆನ್ನು ಬಿದ್ದಿತ್ತು. ಒಳದಾರಿ ಹಿಡಿದರೂ ಹಾಜರ್! ನಾನು ಹೋಗುವ ದಾರಿ ಈ ನನ್ಮಕ್ಕಳ ಕನಸಲ್ಲಿ ಬರುತ್ತಾ?

ಕೇಳಿ... ನಾನು ಪತ್ತೇದಾರ. ನನಗೆ ಬಾಯಿ ಜಾಸ್ತಿ, ಶತ್ರುಗಳು ಇನ್ನೂ ಜಾಸ್ತಿ.

ಲಾರಿ ಡ್ರೈವರ್ ಪುಟ್ಟಮಾದಯ್ಯನನ್ನು ಆನೆದಂತದ ಕಳ್ಳರು ಎತ್ತಿಕೊಂಡು ಹೋಗಿದ್ದರು. ಅವರ ಫೋನ್ ನಂಬರುಗಳನ್ನು ಅವನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದ. ನಾಲ್ಕು ಗಂಟೆಗೆ ಚೀಟಿ ಕೊಡದಿದ್ದರೆ ಅವನ ಹೆಣ ಬೀಳುತ್ತೆ ಅಂತ ಬೆದರಿಕೆ. ಕೊಟ್ಟರೂ ಬೀಳುತ್ತೆ, ನನಗೆ ಗೊತ್ತು!

ಈಗ ಮೂರೂಕಾಲು. ಚೀಟಿ ಹಿಡಿದು ಚಾಮರಾಜನಗರದ ಪೊಲೀಸರ ಬಳಿ ಹೊರಟಿದ್ದೆ.

ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಪುಟ್ಟಸಿದ್ದಮ್ಮ. ಜೊತೆಗೆ ಲಾರಿ ಮಾಲೀಕ ರಾಜಶೇಖರ್. ಪಾಪ, ಸಹಾಯಕ್ಕೆಂದು ತಾವಾಗಿಯೇ ಬಂದವರು. ನನ್ನ ಪಕ್ಕ ಅಸಿಸ್ಟೆಂಟ್ ಶೃತಿ, ತೊಡೆಯ ಮೇಲೆ ಲ್ಯಾಪ್‌ಟಾಪ್.

ಪುಟ್ಟಸಿದ್ದಮ್ಮ ತಂದಿದ್ದ ಚೀಟಿಯಲ್ಲಿ ಐವತ್ತೈದು ಅಂಕಿ. ನಡುವೆ ಒಂದು ಗೀಟೂ ಇಲ್ಲ!

"ಕಂಪ್ಯೂಟರಿಗೆ ಒಂದೇ ಸಾಲಿನ ಆದೇಶ ಸಾಕು ಸಾರ್, ಕ್ವೆರಿ ಅಂತೀವಿ. ಮತ್ತೆ ಮತ್ತೆ ಓಡಿಸೋ ಲೂಪೇ ಬೇಡ. ಹತ್ತತ್ತು ಅಂಕಿ ಸೆಲೆಕ್ಟ್ ಮಾಡಿ ತುಂಡು ಮಾಡುತ್ತೆ."

"ಮಾಡ್ ಕಣಮ್ಮಿ, ಬೇಗ!"

ಮೊದಲ ತುಂಡಿಗೆ ಫೋನ್ ಮಾಡಿದಳು. ಅಂಥ ನಂಬರೇ ಇಲ್ಲವಂತೆ. ಎರಡನೆಯದೂ ಇಲ್ಲವಂತೆ.

"ಕೊನೇಲಿ ಐದೇ ಅಂಕಿ ಮಿಕ್ತು ಸಾರ್!"

"ಬುಡಿ ಸಾರ್," ಅಂದರು ರಾಜಶೇಖರ್. "ಅವ್ನು ಏನೋ ಗೀಚ್ಬುಟ್ಟವ್ನೆ. ಚೀಟಿ ಕೊಟ್ಬುಡನ."

ಪುಟ್ಟಸಿದ್ದಮ್ಮ ರೇಗಿದಳು. "ನಮ್ಮೋರು ಗೀಚೋರಲ್ಲ ಸಾವ್ಕಾರ್ರೆ! ಕೇರಳಕ್ಕೆ ಫೋನ್ ಮಾಡೀ ಮಾಡೀ, ಮುಂದ್ಕೊಂದು ಸೊನ್ನೆ ಆಕ್ದೆ ನಂಬರೇ ಬರ್ಯಾಕಿಲ್ಲ!"

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹೊರರಾಜ್ಯಕ್ಕೆ ಮೊದಲು ಸೊನ್ನೆ ಒತ್ತಬೇಕಿದ್ದ ಕಾಲದ ಅಭ್ಯಾಸ. ಗಡಿ ಸೀಮೆಯವರನ್ನು ಅದು ಬಿಟ್ಟೇ ಇಲ್ಲ.

"ಶೃತಿ! ಹತ್ತಲ್ಲ, ಹನ್ನೊಂದು!"

ಐದು ತುಂಡು. ಐದೂ ಸರಿಸಮ! ಮೊದಲನೆಯದಕ್ಕೆ ಡಯಲ್ ಮಾಡಿದಳು.

ಟ್ರಿಣ್... ಟ್ರಿಣ್...

ರಿಂಗಾಗಿದ್ದು ಹಿಂದಿನ ಸೀಟಿನಲ್ಲಿ!

ಜೀಪಿಗೆ ದಾರಿ ಹೇಳುತ್ತಿದ್ದವನು ಇವನೇ! ರಾಜಶೇಖರನ ಚಾಕು ನನ್ನ ಕತ್ತಿಗೆ ಬಂತು.

"ಗಾಡಿ ನಿಲ್ಸ್ಲಾ!"

ನಿಲ್ಲಿಸಿದೆ. ಎರಡೂ ಕಾಲಲ್ಲಿ ಬ್ರೇಕ್ ತುಳಿದು!

ಅವನ ಮೂತಿ ನನ್ನ ಸೀಟಿಗೆ ಅಪ್ಪಳಿಸಿತು. ಹಿಂದಿದ್ದ ಜೀಪು ತಪ್ಪಿಸಿಕೊಳ್ಳಲು ಹೋಗಿ ಹಳ್ಳಕ್ಕೆ ಬಿತ್ತು. ಬಿದ್ದ ಚಾಕುವನ್ನು ಪುಟ್ಟಸಿದ್ದಮ್ಮ ಎತ್ತಿಕೊಂಡಳು.

"ನನ್ ಗಂಡ ಎಲ್ಲವ್ನೆ ಹೇಳ್ಲಾ!"

"ಬ... ಬದನಗುಪ್ಪೆ... ಹಳೇ ಗೋಡೌನು ಕಣವ್ವ!"

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಬಾಗಿಲು ಒದ್ದೆ. ಕಾವಲಿಗಿದ್ದ ಒಬ್ಬನೇ ಒಬ್ಬ ಕಿಟಕಿ ಹಾರಿ ಓಡಿದ. ಮೂಟೆಗಳ ನಡುವೆ ಪುಟ್ಟಮಾದಯ್ಯ ಬಿದ್ದಿದ್ದ. ಉಸಿರಿತ್ತು! ಹೆಂಡತಿ ಮೊದಲು ಚೆನ್ನಾಗಿ ಬೈದಳು, ಆಮೇಲೆ ತಬ್ಬಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು... ಯಾರಿಗೂ ಹೇಳಬೇಡಿ.

ಚಾಮರಾಜನಗರದ ಪೊಲೀಸರು ಬಂದು ರಾಜಶೇಖರನ ಫೋನ್ ಕಿತ್ತುಕೊಂಡರು.

"ನನ್ ನಂಬರು..." ಅಂತ ಗೋಗರೆದ.

"ಜೈಲಲ್ಲಿ ಹೊಸದು ಕೊಡ್ತಾರೆ ಕಣ್ಲಾ," ಅಂದೆ. "ಮೂರೇ ಅಂಕಿ. ತುಂಡು ಮಾಡೋ ತಾಪತ್ರಯವೇ ಇಲ್ಲ!"