ಮರೂನ್ ಬಣ್ಣದ ಒಂದು ಗೆರೆ

ಅವಳು ಗಿರಾಕಿಯ ಕೂದಲಿಗೆ ಬಣ್ಣ ಹಚ್ಚುತ್ತಿದ್ದಳು. ಇಳಿಜಾರಿನ ಬೀದಿಯ ಕಡೆಯಿಂದ ಕರಕರ ಸದ್ದು ಕೇಳಿಸಿತು. ಏನಪ್ಪಾ ಇದು ಎಂದು ತಿರುಗುವಷ್ಟರಲ್ಲಿ, ತೆರೆದಿದ್ದ ಬಾಗಿಲಿನಿಂದ ಒಂದು ಸೈಡ್‌ಕಾರ್ ಸೀದಾ ಬ್ಯೂಟಿ ಪಾರ್ಲರಿನೊಳಗೇ ಬಂದುಬಿಟ್ಟಿತು!

ಹಳೆಯ ಬೈಕುಗಳ ಪಕ್ಕಕ್ಕೆ ಜೋಡಿಸುತ್ತಾರಲ್ಲ, ತೊಟ್ಟಿಲಿನಂಥ ಒಂಟಿ ಚಕ್ರದ ಗಾಡಿ, ಅದು. ಜೊತೆಗೆ ಬೈಕ್ ಮಾತ್ರ ಇರಲಿಲ್ಲ. ಒಂದು ಬದಿ ಉರುಳುತ್ತಾ, ಇನ್ನೊಂದು ಬದಿ ನೆಲ ಉಜ್ಜುತ್ತಾ ಬಂದು ಟವೆಲ್ಲುಗಳ ರಾಶಿಗೆ ಮುಖ ಕೊಟ್ಟು ನಿಂತಿತು.

ಅದರೊಳಗೆ ಹೆಲ್ಮೆಟ್ ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತಿದ್ದವರು ಅವಳ ಅಪ್ಪ.

"ಗಾಬರಿ ಆಗ್ಬೇಡ ಪುಟ್ಟಿ," ಎಂದರು ಅಪ್ಪ. "ನಂಗೇನೂ ಆಗಿಲ್ಲ. ಬೈಕ್ ಮಾತ್ರ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ."

ಅವಳ ಜೀವ ಬಾಯಿಗೆ ಬಂದಿತ್ತು. ಅಪ್ಪನ ಕೈ, ಕಾಲು, ತಲೆ ಎಲ್ಲವನ್ನೂ ಮುಟ್ಟಿ ನೋಡಿದಳು. ಎಲ್ಲ ಸರಿಯಿದೆ ಎಂದು ಗೊತ್ತಾದ ಮೇಲೆ ಅಳು ಬಂತು. ಅಳು ಬಂದಿದ್ದಕ್ಕೆ ಸಿಟ್ಟೂ ಬಂತು.

ಸರಿಯಾಗಿ ಅದೇ ಹೊತ್ತಿಗೆ ಬೈಕ್ ಓಡಿಸುತ್ತಿದ್ದವನು ಏದುಸಿರು ಬಿಡುತ್ತಾ ಓಡಿಬಂದ. ಕೈಯಲ್ಲಿ ರಸ್ತೆಯಿಂದ ಹೆಕ್ಕಿದ ಒಂದು ಬೋಲ್ಟ್. ಪುಣ್ಯಾತ್ಮ ಬೀದಿಯ ಕೊನೆಯವರೆಗೂ ಡಾಕ್ಟರ ಜೊತೆ, ಅಂದರೆ ಅವಳ ಅಪ್ಪನ ಜೊತೆ, ಮಾತಾಡುತ್ತಲೇ ಹೋಗಿದ್ದನಂತೆ. ಉತ್ತರ ಬರದಿದ್ದಾಗಲೇ ಪಕ್ಕಕ್ಕೆ ನೋಡಿದ್ದು.

"ಡಾಕ್ಟ್ರೇ... ಪೆಟ್ಟಾಯ್ತಾ?"

"ಆ ಬೋಲ್ಟ್ ಬಿಗಿ ಮಾಡಿದ್ದು ಯಾರು?" ಅವಳು ಅಡ್ಡ ನಿಂತು ಕೇಳಿದಳು.

ಅವನು ಬೋಲ್ಟನ್ನು ನೋಡಿದ. ಡಾಕ್ಟರನ್ನು ನೋಡಿದ. ಆಮೇಲೆ ಮುಷ್ಟಿ ಮುಚ್ಚಿಕೊಂಡ.

"ನಾನೇ," ಎಂದ.

ಅಲ್ಲಿಂದ ಶುರುವಾಯಿತು ನೋಡಿ ಮಂಗಳಾರತಿ. ಗಿರಾಕಿಯ ಕೂದಲಿನ ಬಣ್ಣ ಒಣಗಿ ಗಟ್ಟಿಯಾದರೂ ಬೈಗುಳ ಮುಗಿಯಲಿಲ್ಲ. ಅವನು ಒಂದು ಮಾತೂ ಎದುರಾಡದೆ ನಿಂತಿದ್ದ. ಇಷ್ಟು ಬೈದರೂ ಇವನ ಕಣ್ಣಲ್ಲಿ ಬೇಜಾರೇ ಇಲ್ಲವಲ್ಲ ಎಂದು ಅವಳಿಗೆ ಅನಿಸಿದ್ದು ಎಲ್ಲರೂ ಹೋದ ಮೇಲೆ.

ಅಪ್ಪ ಹಲ್ಲಿನ ಡಾಕ್ಟರಾಗಿದ್ದವರು, ಈಗ ನಿವೃತ್ತರು. ಅಮ್ಮ ಹೋದ ಮೇಲೆ ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಅವರನ್ನು ಎಬ್ಬಿಸಿದ್ದು ತುಕ್ಕು ಸಂಘ. ಹೆಸರು ಕೇಳಿ ನಗಬೇಡಿ, ಅವರೇ ಇಟ್ಟುಕೊಂಡಿದ್ದು. ಬೇಕರಿಯ ಹಿಂದಿನ ಶೆಡ್ಡಿನಲ್ಲಿ ಗುಜರಿಗೆ ಹೋಗಬೇಕಾದ ಹಳೇ ಬೈಕುಗಳಿಗೆ ಜೀವ ತುಂಬುವುದು ಅವರ ಕೆಲಸ. ಬೇಕರಿಯ ಯಜಮಾನ, ಭೂಗೋಳದ ಮೇಷ್ಟ್ರು, ಅಪ್ಪ, ಮತ್ತೆ ಇವನು. ಲಿಫ್ಟ್ ರಿಪೇರಿ ಕೆಲಸದವನಾದ್ದರಿಂದ ಎಲ್ಲರೂ ಇವನನ್ನು 'ಲಿಫ್ಟ್' ಎಂದೇ ಕರೆಯುತ್ತಿದ್ದರು.

"ಇನ್ಮೇಲೆ ಅಪ್ಪ ಶೆಡ್ಡಿಗೆ ಬರಲ್ಲ," ಎಂದಿದ್ದಳು ಅವಳು, ಅವತ್ತು ಬೈಗುಳದ ಕೊನೆಗೆ.

ಆ ಮಾತಿಗೆ ಅಪ್ಪನ ಮುಖ ಬಾಡಿದ್ದನ್ನು ನೋಡಿ ಅವನೇ ಹೇಳಿದ್ದ. "ಮೇಡಂ, ಸಂಜೆ ನೀವೇ ಬಂದು ಕೂತ್ಕೊಂಡು ನೋಡಿ. ಇನ್ನೊಂದು ಸಲ ಒಂದೇ ಒಂದು ಬೋಲ್ಟ್ ಜಾರಿದ್ರೆ, ಡಾಕ್ಟ್ರನ್ನ ನಾನೇ ಮನೆಗೆ ಬಿಟ್ಟು ಬರ್ತೀನಿ."

ಹಾಗೆ ಅವಳು ಪಾರ್ಲರ್ ಮುಚ್ಚಿ ಶೆಡ್ಡಿಗೆ ಹೋಗತೊಡಗಿದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತ ಹೋದವಳು, ಹೊಟ್ಟೆ ಹಿಡಿದುಕೊಂಡು ನಗುವಂತಾಯಿತು. ಬೇಕರಿಯವರು ಬಿಸಿ ಬನ್ನಿನ ತಟ್ಟೆಯನ್ನು ಹಸಿ ಪೇಂಟಿನ ಟ್ಯಾಂಕ್ ಮೇಲಿಟ್ಟು, ಎರಡನ್ನೂ ಕೆಡಿಸಿದರು. ಹಳೆಯ ಕೆಲವು ಇಂಜಿನ್‌ಗಳು ಒಮ್ಮೊಮ್ಮೆ ಉಲ್ಟಾ ತಿರುಗುತ್ತವಂತೆ. ಮೇಷ್ಟ್ರು "ಉತ್ತರ ದಿಕ್ಕಿಗೆ ಹೊರಟೆ" ಎಂದು ಗತ್ತಿನಿಂದ ಗೇರ್ ಹಾಕಿ, ಹಿಮ್ಮುಖವಾಗಿ ಚಹಾದ ಮೇಜಿನ ಮೇಲೆ ಹೋಗಿ ಕೂತರು.

"ಮೇಷ್ಟ್ರೇ, ಇದು ದಕ್ಷಿಣ," ಎಂದರು ಅಪ್ಪ. ಎಷ್ಟೋ ಕಾಲದ ಮೇಲೆ ಅಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಲಿಫ್ಟ್ ತನ್ನ ಕೆಲಸದಿಂದ ತಂದದ್ದು. ಬೋಲ್ಟ್ ಬಿಗಿ ಮಾಡಿದವರು, ಬೋಲ್ಟಿನ ಮೇಲಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶಿನಿಂದ ಒಂದೇ ಗೆರೆ ಎಳೆಯಬೇಕು. ಬೋಲ್ಟ್ ಸ್ವಲ್ಪ ತಿರುಗಿದರೂ ಗೆರೆ ತುಂಡಾಗುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಒಬ್ಬೊಬ್ಬರದು ಒಂದೊಂದು ಬಣ್ಣ. ಲಿಫ್ಟಿನದು ನೀಲಿ. ಅಪ್ಪನದು ಮರೂನ್, ಅಮ್ಮ ಬಿಟ್ಟುಹೋದ ಬಾಟಲಿಯದು.

ಒಂದು ಮಧ್ಯಾಹ್ನ ಅವನು ಪಾರ್ಲರಿಗೆ ಬಂದ. ಇಂಗು ತಿಂದ ಮಂಗನ ಮುಖ.

"ಒಂದು... ಮರೂನ್ ನೇಲ್ ಪಾಲಿಶ್ ಬೇಕಿತ್ತು."

"ನಿಮ್ದು ನೀಲಿ ಅಲ್ವಾ?"

"ಇದು ನಂಗಲ್ಲ. ಒಬ್ರಿಗೆ."

ಅವಳ ಎದೆ ಧಸಕ್ಕೆಂದಿತು. ಯಾಕೆ ಎಂದು ನೀವು ಕೇಳುವುದಿಲ್ಲ, ನಿಮಗೂ ಗೊತ್ತು. ಸಂಜೆಯಾದರೆ ಕನ್ನಡಿ ಮುಂದೆ ಇನ್ನೊಂದು ಸಲ ತಲೆ ಬಾಚಿಕೊಂಡು ಶೆಡ್ಡಿಗೆ ಹೋಗುತ್ತಿದ್ದವಳು ಅವಳು.

"ಅವ್ರಿಗೇ ಬಂದು ತಗೊಳ್ಳೋಕೆ ಹೇಳಿ," ಎಂದಳು.

"ಅವ್ರಿಗೆ ಗೊತ್ತಾಗ್ಬಾರ್ದು."

ಓಹೋ, ಗುಟ್ಟಿನ ಉಡುಗೊರೆ ಬೇರೆ... ಅವಳು ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅವನು ಮುಂದಿನ ವಾರವೂ ಬಂದ. ಅದರ ಮುಂದಿನ ವಾರವೂ! ಯಾವಳಪ್ಪಾ ಅವಳು, ಇಷ್ಟೊಂದು ಉಗುರಿರುವವಳು? ಅವಳು ತಲೆನೋವೆಂದು ನೆಪ ಹೇಳಿ ಶೆಡ್ಡಿಗೆ ಹೋಗುವುದನ್ನೇ ಬಿಟ್ಟಳು.

ದುರಸ್ತಿಯಾದ ಸೈಡ್‌ಕಾರ್ ಮತ್ತೆ ರಸ್ತೆಗಿಳಿಯುವ ದಿನ ಬಂತು. ಅಪ್ಪ ಬೆಳಿಗ್ಗೆಯೇ ಹೊರಟಿದ್ದರು, ಕನ್ನಡಕ ಮಾತ್ರ ಮನೆಯಲ್ಲೇ ಉಳಿದಿತ್ತು. ಅದನ್ನು ಹಿಡಿದು ಶೆಡ್ಡಿಗೆ ಬಂದವಳು ಬಾಗಿಲಲ್ಲೇ ನಿಂತಳು.

ಒಳಗೆ ಅವನೊಬ್ಬನೇ. ಸೈಡ್‌ಕಾರಿನ ಪಕ್ಕ ಮಂಡಿಯೂರಿ, ಬಟ್ಟೆಯಿಂದ ಅಪ್ಪನ ಮರೂನ್ ಗೆರೆಗಳನ್ನು ಒರೆಸುತ್ತಿದ್ದ. ಇನ್ನೊಂದು ಕೈಯಲ್ಲಿ ಸ್ಪ್ಯಾನರ್.

"ನಮ್ಮಪ್ಪನ ಗುರುತು ಅಳಿಸ್ತಿದ್ದೀರಾ?"

ಅವನು ಬೆಚ್ಚಿಬಿದ್ದ.

"ಅವ್ರಿಗೆ ಅಂತ ಉಳಿದಿರೋದು ಇದೊಂದೇ ಜಾಗ ರೀ. ಅಮ್ಮನ ಬಣ್ಣ ಅದು. ಬೋಲ್ಟ್ ನೀವು ಸಡಿಲ ಬಿಟ್ಟಿದ್ದಕ್ಕೇ ಅವತ್ತು ಅವ್ರ ಗಾಡಿ ಕಳಚಿಕೊಂಡಿದ್ದು, ಈಗ ಅವ್ರ ಕೆಲ್ಸವೂ ನಿಮ್ದು ಅಂತ ತೋರಿಸ್ಕೋಬೇಕಾ? ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ..."

"ಮೇಡಂ, ಅದು ಹಾಗಲ್ಲ..."

"ಮತ್ತೆ ಹೇಗೆ, ಹೇಳಿ."

ಅವನು ತಲೆ ತಗ್ಗಿಸಿದ.

"ಅವನು ಹೇಳಲ್ಲ ಪುಟ್ಟಿ," ಹಿಂದಿನಿಂದ ಅಪ್ಪನ ಧ್ವನಿ. "ನಾನು ಹೇಳ್ತೀನಿ."

ಅಪ್ಪ ನಿಧಾನಕ್ಕೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಬಲಗೈ ಮುಂದೆ ಚಾಚಿದರು. ಬೆರಳು ಸಣ್ಣಗೆ ನಡುಗುತ್ತಿತ್ತು.

"ಅವತ್ತು ಆ ಬೋಲ್ಟ್ ಬಿಗಿ ಮಾಡಿದ್ದು ನಾನು. ಕೈಯಲ್ಲಿ ಹಿಡಿತ ಇಲ್ಲ ಈಗ. ಇವನು 'ನಾನೇ' ಅಂದ, ನಾನು ಸುಮ್ನಿದ್ದೆ. ನಿಜ ಹೇಳಿದ್ರೆ ನೀನು ನನ್ನ ಇಲ್ಲಿಗೆ ಬಿಡ್ತಿರಲಿಲ್ಲ. ಆಮೇಲೆ ದಿನಾ ನಾನು ಹೋದ ಮೇಲೆ ಇವನು ನನ್ನ ಬೋಲ್ಟ್ ಎಲ್ಲಾ ಇನ್ನೊಂದ್ಸಲ ಬಿಗಿ ಮಾಡ್ತಾನೆ. ಬಿಗಿ ಮಾಡಿದ್ರೆ ಗೆರೆ ತಪ್ಪುತ್ತಲ್ಲ, ಅದಕ್ಕೆ ಒರೆಸಿ, ನನ್ನ ಬಣ್ಣದಲ್ಲೇ ಮತ್ತೆ ಎಳೀತಾನೆ."

ಮರೂನ್... ಆ 'ಒಬ್ರು' ಅಪ್ಪ! ಅವಳಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನಿಸಿತು.

"ಡಾಕ್ಟ್ರೇ, ನಿಮಗೆ ಹೇಗೆ ಗೊತ್ತಾಯ್ತು?" ಅವನು ಮೆಲ್ಲಗೆ ಕೇಳಿದ.

"ನಿನ್ನ ಗೆರೆ ನೆಟ್ಟಗಿರುತ್ತಪ್ಪ. ನನ್ನದು ನೆಟ್ಟಗೆ ಬಂದು ಯಾವ ಕಾಲ ಆಯ್ತು?" ಅಪ್ಪ ನಕ್ಕರು. "ನೋವಾಗಲ್ಲ ಅಂತ ಹೇಳಿ ಜನರ ಹಲ್ಲು ಕೀಳ್ತಿದ್ದೆ. ಪಾಪ, ಅವ್ರೂ ನಂಬಿದ ಹಾಗೆ ಬಾಯಿ ತೆರೀತಿದ್ರು. ಈಗ ನಂಬಿದ ಹಾಗೆ ಇರೋದು ನನ್ನ ಸರದಿ." ಆಮೇಲೆ ಮಗಳ ಕಡೆ ತಿರುಗಿದರು. ನಗು ಇರಲಿಲ್ಲ. "ನಾಳೆಯಿಂದ ಮನೇಲೇ ಇರು ಅಂತೀಯಾ? ಹೇಳು, ಇರ್ತೀನಿ."

ಅವಳು ಅಪ್ಪನ ನಡುಗುವ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣೀರು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಮನೇಲಿ ಕೂತು ಏನ್ ಮಾಡ್ತೀಯ? ಅವ್ರು ಬಿಗಿ ಮಾಡ್ಲಿ, ನೀನು ಗೆರೆ ಎಳಿ. ಸೊಟ್ಟ ಆದ್ರೆ ಆಗ್ಲಿ ಅಪ್ಪ. ತುಂಡಾಗದಿದ್ರೆ ಆಯ್ತಲ್ಲ."

ಅಪ್ಪ, ಬನ್ ಆಯ್ತೋ ಏನೋ ನೋಡಿ ಬರ್ತೀನಿ ಎಂದು ಬೇಕರಿಯ ಕಡೆ ಎದ್ದು ಹೋದರು. ಅವರಿಗೆ ಬನ್ ಅಷ್ಟೇನೂ ಇಷ್ಟವಿಲ್ಲ.

ಅವಳು ಅವನ ಎದುರು ಕೂತಳು. "ಅವತ್ತು ಅಷ್ಟು ಬೈದೆ. ಇವತ್ತೂ ಬೈದೆ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಡಾಕ್ಟ್ರು ನಿಮ್ಮೆದುರಿಗೆ ಸಣ್ಣವರಾಗ್ತಿದ್ರು. ನನ್ನನ್ನ ಬೈದ್ರೆ ಏನಾಯ್ತು?"

"ನೇಲ್ ಪಾಲಿಶ್ ಬೇರೆ ಯಾರಿಗೋ ಅಂತ ನಂಗೆಷ್ಟು ಹೊಟ್ಟೆ ಉರಿದಿತ್ತು ಗೊತ್ತಾ?"

ಅವನು ತಲೆಯೆತ್ತಿ ನೋಡಿದ. ಕಿವಿಯವರೆಗೂ ಕೆಂಪಾದ. "ಒಂದು ಬಾಟ್ಲಿ ಸಾಕಾಗ್ತಿತ್ತು," ಎಂದ. "ಉಳಿದಿದ್ದೆಲ್ಲ ಮನೇಲಿ ಹಾಗೇ ಬಿದ್ದಿದೆ. ನಿಮ್ಮನ್ನ ನೋಡೋಕೆ ಬೇರೆ ನೆಪ ಹೊಳೀಲಿಲ್ಲ."

ಅವಳು ಗ್ರೀಸ್ ಮೆತ್ತಿದ ಅವನ ಕೈ ಎಳೆದುಕೊಂಡು, ಅವನ ಹೆಬ್ಬೆರಳ ಪಕ್ಕಕ್ಕೆ ತನ್ನ ಹೆಬ್ಬೆರಳು ಒತ್ತಿ ಹಿಡಿದಳು. ಮರೂನ್ ಬಾಟಲಿಯ ಮುಚ್ಚಳ ತೆಗೆದಳು.

"ಮೇಡಂ, ಇದು ಬೋಲ್ಟ್ ಅಲ್ಲ..."

"ಅಲ್ಲಾಡಿಸ್ಬೇಡಿ."

ಅವನ ಉಗುರಿನಿಂದ ತನ್ನ ಉಗುರಿನವರೆಗೆ ಒಂದೇ ಗೆರೆ ಎಳೆದಳು. ಉಗುರಿಗೆ ಬಣ್ಣ ಹಚ್ಚುವುದೇ ಕಸುಬಾಗಿದ್ದರೂ ಆ ಗೆರೆ ಮಾತ್ರ ಸೊಟ್ಟಗಾಯಿತು.

"ಇನ್ಮೇಲೆ ಯಾರು ತಿರುಗಿಕೊಂಡ್ರೂ ಗೊತ್ತಾಗುತ್ತೆ," ಎಂದಳು.

"ಒಣಗೋಕೆ ಎಷ್ಟೊತ್ತು ಬೇಕು?"

"ಯಾಕೆ, ಅವಸರ ಇದ್ಯಾ?"

"ಇಲ್ಲ," ಎಂದ ಅವನು, ಕೈ ಅಲ್ಲಾಡಿಸದೆ. "ನಿಧಾನಕ್ಕೆ ಒಣಗ್ಲಿ."