ನಳಿನಿಯ ಅರವತ್ತು ದಿನ

ಸೌದಿಯ ರಿಯಾದ್‌ನಲ್ಲಿ ಎಂಟು ವರ್ಷ ಇದ್ದು ಬಂದವಳು ಅಂತ ಗೊತ್ತಾದರೆ ಸಾಕು, ಅಮೆರಿಕದ ರಾಕ್‌ವಿಲ್‌ನ ಕನ್ನಡ ಹೆಂಗಸರೆಲ್ಲ ನಳಿನಿಯನ್ನು ಮುತ್ತಿಕೊಂಡುಬಿಡುತ್ತಿದ್ದರು. ಎಲ್ಲರೂ ಒಂದೊಂದು ಅಡುಗೆ ತಂದಿದ್ದ ಆ ಯುಗಾದಿ ಪಾಟ್‌ಲಕ್‌ನಲ್ಲಿ ಅಲಮೇಲು ಆಂಟಿಯ ಸರದಿ.

"ಅಯ್ಯೋ ಪಾಪ, ಆ ಕಪ್ಪು ನಿಲುವಂಗಿ ಹಾಕ್ಕೊಂಡು ಅದ್ಹೇಗಮ್ಮ ಇದ್ದೆ? ನರಕ ಅಲ್ವಾ?"

"ಜೇಬು ದೊಡ್ಡದಿತ್ತು ಆಂಟಿ."

ಪಕ್ಕದಲ್ಲಿ ಪುಳಿಯೋಗರೆ ಬಡಿಸಿಕೊಳ್ಳುತ್ತಿದ್ದವನು ಫಕ್ಕನೆ ನಕ್ಕ. ಗುರುದತ್, ರೆಸ್ಟನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಅಮೆರಿಕನ್ ಸಿಟಿಜನ್, ಡೈವೋರ್ಸ್ ಆಗಿ ಆರು ವರ್ಷ. ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅವಳು ಕದ್ದು ನೋಡಿದಳು. ಕದ್ದದ್ದನ್ನು ಅವನು ಹಿಡಿದೇಬಿಟ್ಟ.

"ನಾನೂ ಒಂದು ಕೇಳ್ಲಾ?"

"ನರಕದ ವಿಷ್ಯಾನಾ?"

"ಅಲ್ಲಪ್ಪ. ಅಲ್ಲಿಂದ ಏನು ಮಿಸ್ ಮಾಡ್ಕೋತೀರಾ?"

ಈ ದೇಶಕ್ಕೆ ಬಂದ ಮೂರು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅಷ್ಟಕ್ಕೇ ಮನಸೋತಳೇ ಅಂದರೆ, ಹೌದು ಸ್ವಾಮಿ, ಅಷ್ಟಕ್ಕೇ. ಮೂವತ್ತೆಂಟನೇ ವಯಸ್ಸಿಗೆ ಇನ್ನೆಷ್ಟು ಬೇಕು?

ಭಾನುವಾರಗಳ ತುಂಬ ಅವಳು ಹೇಳಿದಳು, ಅವನು ಕೇಳಿದ. ಆಸ್ಪತ್ರೆಯ ಲ್ಯಾಬ್‌ನಲ್ಲಿ ತನ್ನ ಊಟದ ಅರ್ಧವನ್ನು ಇವಳಿಗೇ ಎತ್ತಿಡುತ್ತಿದ್ದ ಸುಡಾನಿನ ಅಮೀರಾ. ಹೆಂಗಸರು ಡ್ರೈವ್ ಮಾಡಬಹುದು ಅಂತಾದ ವರ್ಷವೇ ಲೈಸೆನ್ಸ್ ತೆಗೆದು, ಮರಳಿನ ನಡುವಿನ ಹೈವೇಯಲ್ಲಿ ಒಬ್ಬಳೇ ಗಂಟಲು ಹರಿಯುವಂತೆ ಹಾಡಿಕೊಂಡು ಹೋದದ್ದು. ಅದಕ್ಕೂ ಮುಂಚೆ, ಒಂದು ಬ್ರೆಡ್ಡು ತರಬೇಕಾದರೂ ಡ್ರೈವರ್‌ಗೆ ಕಾಯುತ್ತ ಕೂತ ಸಂಜೆಗಳು.

ಆ ದೇಶವನ್ನು ಬರೀ ಬೈದರೆ ಸುಳ್ಳಾಗುತ್ತಿತ್ತು. ಹೊಗಳಿದರೆ ಅಪ್ಪನಿಗೆ ದ್ರೋಹ. ಮೈಸೂರಿನಲ್ಲಿ ಅಪ್ಪ ತೀರಿಕೊಂಡಾಗ ಕೆಲಸಕ್ಕೆ ಸೇರಿದಾಗಲೇ ಅವರು ಇಸಿದುಕೊಂಡಿದ್ದ ಅವಳ ಪಾಸ್‌ಪೋರ್ಟ್ ಆಸ್ಪತ್ರೆಯ ಆಫೀಸಿನ ಬೀರುವಿನಲ್ಲಿತ್ತು. ಬೀಗದ ಕೈ ಇದ್ದ ಅಧಿಕಾರಿ ಹಬ್ಬದ ರಜೆಯಲ್ಲಿದ್ದ. ಕಂಡಕಂಡವರ ಕಾಲು ಹಿಡಿದು ಅವಳು ಮೈಸೂರು ಮುಟ್ಟಿದ್ದು ಆರನೇ ದಿನ. ಸುಟ್ಟ ಜಾಗವನ್ನೂ ತೊಳೆದಾಗಿತ್ತು. ಇದನ್ನು ಕೇಳಿ ಗುರುದತ್ ಅವಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಮರುವರ್ಷ ರಾಕ್‌ವಿಲ್‌ನ ಲ್ಯಾಬ್‌ಗೆ ಫಂಡಿಂಗ್ ನಿಂತು ಅವಳ ಕೆಲಸ ಹೋಯಿತು. ಅವಳ ವೀಸಾಕ್ಕೆ ಅರವತ್ತು ದಿನದ ಗಡುವು. ಅಷ್ಟರಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಆಗಲೇ ರಿಯಾದ್‌ನ ಹಳೇ ಆಸ್ಪತ್ರೆಯಿಂದ ಕರೆ ಬಂತು: ಲ್ಯಾಬ್ ಮುಖ್ಯಸ್ಥೆಯ ಹುದ್ದೆ. ಈಗ ಕಾಲ ಬದಲಾಗಿದೆ, ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರುತ್ತೆ ಅಂತ ಅಮೀರಾ ಫೋನಿನಲ್ಲಿ ಆಣೆ ಇಟ್ಟಳು.

"ಎಲ್ಲೂ ಹೋಗ್ಬೇಡ. ನಾವು ಮದ್ವೆ ಆಗೋಣ," ಎಂದ ಗುರುದತ್.

"ಕನಿಕರಕ್ಕಾ?"

"ನಿನ್ನ ಕೈಯ ಕೇಸರಿಬಾತ್ ಆಸೆಗೆ. ಒಂದು ವರ್ಷದಿಂದ ನಾನೇ ಬೇಯಿಸಿ ಹಾಕ್ತಿದೀನಿ, ಮಾರಾಯ್ತಿ!"

ನಕ್ಕಳು. ಆದರೂ ಹೆದರಿಕೆ ಬಿಡಲಿಲ್ಲ. ಗಂಡನ ಹೆಸರಲ್ಲಿ ಒಂದು ದೇಶದಲ್ಲಿ ಉಳಿಯುವುದು ಅವಳಿಗೆ ಸಲೀಸಾದ ಮಾತಲ್ಲ. "ಯೋಚನೆ ಮಾಡ್ತೀನಿ ಗುರು. ಅಲ್ಲೀವರೆಗೂ ಎರಡೂ ಕಡೆ ಪೇಪರ್ಸ್ ರೆಡಿ ಇರ್ಲಿ."

ಗ್ರೀನ್ ಕಾರ್ಡ್ ಫಾರ್ಮ್ ತುಂಬಲೆಂದು ಅವನು ಪಾಸ್‌ಪೋರ್ಟ್ ತೆಗೆದುಕೊಂಡು ಹೋದ. ರಿಯಾದ್ ವೀಸಾಕ್ಕೆ ಕಳಿಸಬೇಕು, ಕೊಡು ಎಂದು ಅವಳು ಕೇಳಿದಾಗ, "ಎಲ್ಲೋ ಇಟ್ಬಿಟ್ಟಿದೀನಿ ಕಣೇ," ಎಂದ. ಎರಡು ವಾರ ಹುಡುಕಿದರು. ಇಬ್ಬರೂ ಸೇರಿ ಸೋಫಾ ಎತ್ತಿದರು. ಕಾರಿನ ಮ್ಯಾಟ್ ಕೊಡವಿದರು. "ಸಾರಿ ಕಣೇ," ಅಂತ ಅವನು ಪೆಚ್ಚುಮೋರೆ ಹಾಕಿದಾಗ ಅವಳೇ ಸಮಾಧಾನ ಮಾಡಿದಳು.

ನಲವತ್ತೊಂಬತ್ತನೇ ದಿನ, ಭಾನುವಾರ ಬೆಳಿಗ್ಗೆ, ಅವಳ ಮನಸ್ಸು ಗಟ್ಟಿಯಾಯಿತು. ತನಗಾಗಿ ಕಣ್ಣೀರು ಹಾಕಿದವನನ್ನು ಬಿಟ್ಟು ಹೋಗುವುದೆಲ್ಲಿಗೆ? ಅವನು ಕೊಟ್ಟಿದ್ದ ಕೀಲಿಯಿಂದ ಅವನ ಮನೆಯ ಬಾಗಿಲು ತೆಗೆದಳು. ಅವನು ಹಾಲು ತರಲು ಹೋಗಿದ್ದ. ಬರುವಷ್ಟರಲ್ಲಿ ಕೇಸರಿಬಾತ್ ಮಾಡಿಟ್ಟು, ಹೂಂ ಅಂದುಬಿಡಬೇಕು. ಬಾಣಲೆಯಲ್ಲಿ ತುಪ್ಪ ಕಾಯಿತು. ರವೆ ಡಬ್ಬಕ್ಕೆ ಲೋಟ ಇಳಿಸಿದರೆ ಏನೋ ತಗುಲಿತು. ಎಳೆದಳು. ಜಿಪ್‌ಲಾಕ್ ಕವರಿನಲ್ಲಿ ಅಚ್ಚುಕಟ್ಟಾಗಿ ಅವಳ ಪಾಸ್‌ಪೋರ್ಟ್.

ಗುರುದತ್ ಹಾಲಿನ ಕ್ಯಾನ್ ಹಿಡಿದು ಒಳಗೆ ಬಂದವನು ಅಲ್ಲೇ ನಿಂತ.

"ನೀನು ಹೋಗ್ಬಿಡ್ತೀಯ ಅಂತ ಭಯ ಆಯ್ತು ಕಣೇ. ರಿಯಾದ್ ಕೆಲಸಕ್ಕೆ ಸೇರೋ ಡೇಟ್ ಮುಗಿಯೋವರೆಗೆ ಅಷ್ಟೆ. ಆಮೇಲೆ ಕೊಡ್ತಿದ್ದೆ. ದೇವ್ರಾಣೆ."

"ಅಪ್ಪನ ವಿಷ್ಯ ನಿಂಗೆ ಗೊತ್ತಿತ್ತಲ್ವಾ?"

ಅವನು ಹಾಲಿನ ಕ್ಯಾನ್ ಕೆಳಗಿಟ್ಟ.

"ಇವತ್ತು ಹೂಂ ಅನ್ನೋಕೆ ಬಂದಿದ್ದೆ, ಗುರು."

ಅವನು ಅಡುಗೆಮನೆಯ ನೆಲದ ಮೇಲೇ ಕುಸಿದು ಕೂತ. "ಈಗ್ಲೂ ಅನ್ನೇ. ದಮ್ಮಯ್ಯ ಅಂತೀನಿ. ಪ್ರೀತಿಗೆ ಮಾಡಿದ್ದು ಕಣೇ."

ಪ್ರೀತಿಗೇ ಮಾಡಿದ್ದ, ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆ ಗಳಿಗೆಯಲ್ಲೂ ಅವನೆಂದರೆ ಅವಳಿಗೆ ಜೀವವೇ. ಅದೇ ಅವಳ ಕರ್ಮ. ಪಕ್ಕದಲ್ಲಿ ಕೂತು ಅವನ ತಲೆ ನೇವರಿಸಿದಳು. ಒಲೆಯ ಮೇಲೆ ತುಪ್ಪ ಸೀದ ವಾಸನೆ ಬಂತು. ಎದ್ದು ಒಲೆ ಆರಿಸಿದಳು.

"ಅಲ್ಲಿ ಪಾಸ್‌ಪೋರ್ಟ್ ಇಸ್ಕೊಂಡಾಗ ರಸೀದಿ ಕೊಟ್ಟಿದ್ರು ಗುರು. ಯಾರ ಹತ್ರ ಇದೆ, ಯಾವ ಬೀರುಲಿದೆ ಅಂತ ನಂಗೆ ಗೊತ್ತಿತ್ತು. ನೀನು ನನ್ ಜೊತೆ ಕೂತ್ಕೊಂಡು ಹುಡುಕ್ದೆ."

ಅವನು ಕಣ್ಣೊರೆಸಿಕೊಂಡ. ಕೇಳಿದ: "ಅಲ್ಲಿ ಸುಖವಾಗಿರ್ತೀಯಾ?"

"ಗೊತ್ತಿಲ್ಲ. ಯಾವುದಕ್ಕೆ ಹೆದರ್ಬೇಕು ಅಂತ ಮಾತ್ರ ಅಲ್ಲಿ ಗೊತ್ತು."

ಪಾಸ್‌ಪೋರ್ಟಿಗೆ ಅಂಟಿದ್ದ ರವೆ ಒರೆಸಿ ಬ್ಯಾಗಿಗೆ ಹಾಕಿಕೊಂಡಳು. ಮೆಟ್ರೊ ಸ್ಟೇಷನ್‌ವರೆಗೆ ಡ್ರಾಪ್ ಮಾಡ್ತೀನಿ ಎಂದ. ಬೇಡ ಎಂದಳು.