ಕೆಮ್ಮಿನ ಗರಡಿಯ ಜೋಡಿ

ಬಹಳ ಹಿಂದೆ, ಬೆಟ್ಟಗಳು ಒಂದೆಡೆ ಕೂರುವುದನ್ನು ಇನ್ನೂ ಕಲಿಯದೆ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಕೆಂದೂಳಿ ಎಂಬ ರಾಜ್ಯವಿತ್ತು. ಅಲ್ಲಿ ಬೀದಿಗೊಂದು ಗರಡಿಮನೆ, ಗರಡಿಗೆ ನೂರು ಜಟ್ಟಿಗಳು. ಹಾಲು ಕರೆಯುವವನು ತೊಡೆ ತಟ್ಟಿ ಕೂತರೆ ಹಸು ಬೆದರಿ ಒಂದು ಸೇರು ಹೆಚ್ಚಿಗೆ ಕೊಡುತ್ತಿತ್ತು. ರಾಜ ಬಾಚರಸ ದಿನಾ ಬೆಳಿಗ್ಗೆ ಸಾವಿರ ಬಸ್ಕಿ ಹೊಡೆದೇ ಸಿಂಹಾಸನ ಏರುತ್ತಿದ್ದ. ಎಣಿಸುತ್ತಿದ್ದವನು ಮಂತ್ರಿಯಾದ್ದರಿಂದ ಮುನ್ನೂರು ಎಂದಿಟ್ಟುಕೊಳ್ಳಿ.

ಆ ರಾಜ್ಯದ ಕೊನೆಯ ಬೀದಿಯಲ್ಲಿ ಒಂದು ಸಣ್ಣ ಗರಡಿಯಿತ್ತು. ಅದಕ್ಕೆ ಒಳ್ಳೆಯ ಹೆಸರೊಂದನ್ನು ಇಟ್ಟಿದ್ದರು, ಆದರೆ ಜನ ಕರೆಯುತ್ತಿದ್ದದ್ದು ಕೆಮ್ಮಿನ ಗರಡಿ ಎಂದೇ. ಬೇರೆ ಗರಡಿಗಳು ಬಾಗಿಲಲ್ಲೇ ಅಟ್ಟಿದವರಿಗೆಲ್ಲ ಅಲ್ಲಿ ಜಾಗ. ಕಲಿಸುವವಳು ಮಾಳವ್ವ ಎಂಬ ಮುದುಕಿ. ಅವಳು ಪ್ರಾಯದಲ್ಲಿ ಒಂದು ಆನೆಯನ್ನು ಚಿತ್ ಮಾಡಿದ್ದಳಂತೆ. ಆನೆ ಆಗ ನಿದ್ದೆ ಮಾಡುತ್ತಿತ್ತು ಎನ್ನುವವರೂ ಇದ್ದಾರೆ.

ಆ ಗರಡಿಯಲ್ಲಿ ಇಬ್ಬರು ಗೆಳೆಯರು. ಒಬ್ಬ ಸೋವ, ಹತ್ತಿ ಹಿಂಜುವವರ ಮನೆಯವನು. ಹುಟ್ಟಿದಾಗಿನಿಂದ ಅವನಿಗೆ ಉಬ್ಬಸ. ನಾಲ್ಕು ಹೆಜ್ಜೆ ಓಡಿದರೆ ಎದೆಯೊಳಗೆ ಎರಡು ಬೆಕ್ಕಿನ ಮರಿ ಕೂಗಿದ ಹಾಗೆ ಸಿಳ್ಳೆ. ಇನ್ನೊಬ್ಬ ಬೂತ, ಗಾಣದವರ ಮನೆಯವನು. ತೋಳು ಗಾಣದ ಕಂಬದಂತಿದ್ದವು, ಆದರೆ ಮಂಡಿ ಎರಡೂ ಬಾತು ಕುಂಬಳಕಾಯಿ. ಕೂತರೆ ಏಳಲಾರ, ಎದ್ದರೆ ಕೂರಲಾರ. ಆದರೂ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಅಖಾಡದ ಕೆಂಪುಮಣ್ಣು ಮೈಗೆ ಬಳಿದುಕೊಂಡು ಎದುರುಬದುರು ನಿಂತಿರುತ್ತಿದ್ದರು. ಹನ್ನೆರಡು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ತಪ್ಪಿಸಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಕೆಮ್ಮಿನ ಗರಡಿಯಲ್ಲಿ ಒಂದು ಕಟ್ಟಳೆ. ಆಡುವಾಗ ಯಾರಿಗೆ ಕೆಮ್ಮು ಬಂದರೂ, ಯಾರಿಗೆ ನೋವು ಬಂದರೂ, ಎದುರಿನವನು ತಕ್ಷಣ ಪಟ್ಟು ಬಿಡಬೇಕು. ಕೂರಿಸಬೇಕು, ಬೆನ್ನು ಸವರಬೇಕು, ಮೆಣಸಿನ ಬಿಸಿನೀರು ಕುಡಿಸಬೇಕು. ಸುಧಾರಿಸಿಕೊಂಡ ಮೇಲೆ ಮತ್ತೆ ಅದೇ ಪಟ್ಟು, ಕೈ ಎಲ್ಲಿತ್ತೋ ಅಲ್ಲಿಂದಲೇ. ಸೋವನ ಉಸಿರನ್ನು ಬೂತ ಎಣಿಸುತ್ತಿದ್ದ. ಮೂವತ್ತಾಯಿತು ಅಂದರೆ ಸೋವ ನಿಲ್ಲಬೇಕು. ಬೂತನ ಮಂಡಿಗೆ ಸೋವ ಎಣ್ಣೆ ತಿಕ್ಕುತ್ತಿದ್ದ. ಅವರ ಒಂದು ಕುಸ್ತಿ ಸೋಮವಾರ ಶುರುವಾಗಿ ಮುಂದಿನ ಗುರುವಾರ ಮುಗಿದದ್ದುಂಟು.

ಹೀಗಿರಲಾಗಿ ಒಂದು ಬೆಳಿಗ್ಗೆ ಊರ ಹೊರಗೆ, ಹಿಂದಿನ ದಿನ ಇಲ್ಲದ ಬೆಟ್ಟವೊಂದು ಬಂದು ನಿಂತಿತ್ತು. ಬೆಟ್ಟದ ತುದಿಯಲ್ಲಿ ಕೋಟೆ, ಕೋಟೆಯೊಳಗೆ ಗಂಟುಮಾರ ಎಂಬ ಮಾಟಗಾರ. ಅವನು ಇಳಿದು ಬಂದು ಅರಮನೆಯ ಅಂಗಳದಲ್ಲಿ ತೊಡೆ ತಟ್ಟಿದ.

ಗಂಟುಮಾರನ ಕೈಯಲ್ಲಿ ಒಂದು ಮಾಯೆಯಿತ್ತು. ಅಖಾಡಕ್ಕಿಳಿದ ಜಟ್ಟಿಗಳು ಮೊದಲು ಕೈಗೆ ಕೈ ಕೊಡುತ್ತಾರಲ್ಲ, ಆ ಕೈ ತಗುಲಿದ ಕ್ಷಣದಿಂದ ಎದುರಾಳಿಯ ಮೈಯಲ್ಲಿ ಯಾವುದು ಹೆಚ್ಚಿದೆಯೋ ಅದು ಮೊದಲು ಅವನ ಮೈಗೆ ಹರಿಯುತ್ತಿತ್ತು. ಜಟ್ಟಿಗಳ ಮೈಯಲ್ಲಿ ಹೆಚ್ಚಿರುವುದು ಕಸುವು ತಾನೇ? ರೆಪ್ಪೆ ಬಡಿಯುವಷ್ಟರಲ್ಲಿ ಅವರು ಒದ್ದೆ ಬಟ್ಟೆಯ ಹಾಗೆ ಬಿದ್ದುಬಿಡುತ್ತಿದ್ದರು. ದೋಚಿದ್ದೆಲ್ಲ ಅವನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೆಂಪು ವಸ್ತ್ರದ ಗಂಟಿಗೆ ತಾನಾಗಿ ಸೇರುತ್ತಿತ್ತು. ಹೀಗೆ ಎಂಟುನೂರ ತೊಂಬತ್ತೊಂಬತ್ತು ಜಟ್ಟಿಗಳು ಮಲಗಿದರು. ಬಾಚರಸ ಅಂತಃಪುರದ ಅಗುಳಿ ಹಾಕಿಕೊಂಡ.

ಅಂದು ಸೋವನಿಗೆ ಉಬ್ಬಸ ಜೋರಾಗಿ, ದಿಂಬಿಗೆ ಒರಗಿ ಕೂತಿದ್ದ. ಬೂತ ಅವನಿಗೆ ಹೇಳದೆ ಒಬ್ಬನೇ ಹೋದ. ಸಂಜೆ ಗಂಟುಮಾರ ಕೋಟೆಗೆ ಮರಳಿದ, ಬೂತ ಎತ್ತಿನ ಗಾಡಿಯಲ್ಲಿ ವಾಪಸು ಬಂದ, ಮಡಿಸಿದ ಕಂಬಳಿಯ ಹಾಗೆ.

"ಹೇಗಿದ್ದೀಯೋ?" ಸೋವ ಕೇಳಿದ.

"ಮಂಡಿನೋವಿಲ್ಲ ಕಣೋ," ಅಂದ ಬೂತ. "ಆದರೆ ಮಂಡಿಯೂ ಇದ್ದ ಹಾಗಿಲ್ಲ."

ಮಾಳವ್ವ ಬಂದು ಬೂತನ ಕಾಲ್ಬೆರಳು ಒತ್ತಿ ನೋಡಿದಳು. ಬೆರಳಿಗೆ ಹಸಿಮಣ್ಣು ಅಂಟಿತು.

"ಮೂರನೆಯ ದಿನ ಹೊತ್ತು ಮುಳುಗುವಾಗ ಆ ಬೆಟ್ಟ ಎದ್ದು ಬೇರೆ ಊರಿಗೆ ಹೋಗುತ್ತೆ," ಅಂದಳು. "ಅದು ಹೆಜ್ಜೆ ಎತ್ತಿತೋ, ಇವನೂ ಮಣ್ಣು, ಉಳಿದವರೂ ಮಣ್ಣು. ಅಷ್ಟರೊಳಗೆ ಗಂಟು ಬಿಚ್ಚಬೇಕು. ಅದನ್ನು ಬಿಚ್ಚೋಕೆ ಅವನ ಕೈಯಿಂದಲೇ ಸಾಧ್ಯ, ಬೇರೆಯವರ ಉಗುರು ಕೂಡ ಅದಕ್ಕೆ ಇಳಿಯಲ್ಲ."

"ಅವನ ಕೈಲೇ ಹೇಗೆ ಬಿಚ್ಚಿಸೋದವ್ವ?"

"ಗೊತ್ತಿದ್ದರೆ ನಾನೇ ಹೋಗ್ತಿರಲಿಲ್ಲವೇನೋ?"

ಎರಡು ದಿನ ಸೋವನ ಎದೆ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸಿಳ್ಳೆ ಸ್ವಲ್ಪ ಇಳಿಯಿತು. ಸೋರೆಬುರುಡೆಯಲ್ಲಿ ಮೆಣಸಿನ ನೀರು ತುಂಬಿಸಿಕೊಂಡು ಹೊರಟ.

"ನನ್ನನ್ನೂ ಹೊತ್ಕೋ," ಅಂದ ಬೂತ.

"ನಿನ್ನ ಕಟ್ಕೊಂಡು ಏನು ಮಾಡಲಿ?"

"ಯಾರೋ ನಿನ್ನ ಉಸಿರು ಎಣಿಸೋರು? ಬೆಟ್ಟದ ದೆವ್ವ ಎಣಿಸುತ್ತಾ?"

ಕಸುವೆಲ್ಲ ಸೋರಿಹೋದ ಮೇಲೆ ಬೂತ ಹತ್ತಿಯ ಮೂಟೆಯಷ್ಟು ಹಗುರವಾಗಿದ್ದ. ಹತ್ತಿಯ ಮೂಟೆ ಹೊರುವುದು ಸೋವನಿಗೆ ಹೊಸದಲ್ಲ. ಪಂಚೆಯಲ್ಲಿ ಬೆನ್ನಿಗೆ ಬಿಗಿದುಕೊಂಡು ನಡೆದ.

ಬೆಟ್ಟದಲ್ಲಿ ಮೊದಲು ಸಿಕ್ಕಿದ್ದು ಮೆಟ್ಟಿಲು. ಅವು ಮಾಯೆಯ ಮೆಟ್ಟಿಲು. ಯಾರಾದರೂ ಅವಸರದಲ್ಲಿ ಏರಿದರೆ, ಒಂದು ಏರುವಷ್ಟರಲ್ಲಿ ಮೇಲೆ ಹತ್ತು ಹುಟ್ಟುತ್ತಿದ್ದವು. ರಾಜನ ದಂಡನಾಯಕ ಅಲ್ಲಿ ಎರಡು ದಿನದಿಂದ ಓಡುತ್ತಲೇ ಇದ್ದ. ಇನ್ನೂ ಏಳನೆಯ ಮೆಟ್ಟಿಲಲ್ಲಿದ್ದ.

"ಪಕ್ಕಕ್ಕೆ ಸರಿಯೋ, ಗೂರಲೆದೆಯವನೇ," ಎಂದು ಅವನು ಏದುತ್ತ ಬೈದ.

"ನೀವು ಓಡಿ ಸ್ವಾಮಿ," ಅಂದ ಸೋವ. ಮೂವತ್ತು ಮೆಟ್ಟಿಲು ಹತ್ತಿದ. ಬೆನ್ನ ಮೇಲಿಂದ ಬೂತ "ಮೂವತ್ತು" ಅಂದ. ಸೋವ ಕೂತ. ಒಂದು ಗುಟುಕು ನೀರು ಕುಡಿದ, ಎದುರಿನ ಗದ್ದೆ ನೋಡಿದ, ಎದ್ದ. ಮತ್ತೆ ಮೂವತ್ತು, ಮತ್ತೆ ಕೂತ. ಮೆಟ್ಟಿಲುಗಳು ಬೆಳೆಯಬೇಕೆಂದು ಸಿದ್ಧವಾಗಿ ಕಾದವು, ಸೋವನಿಗೆ ಅವಸರವೇ ಇಲ್ಲ. ಕಾದು ಕಾದು ಅವಕ್ಕೇ ಬೇಸರವಾಯಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಮೆಟ್ಟಿಲು ತಾನಾಗಿ ಬಂದು ಸೋವನ ಕಾಲಡಿಗೆ ನಿಂತಿತು.

ಎರಡನೆಯದು ಕೋಟೆಯ ಬಾಗಿಲಿನ ಯಾಳಿ. ಸಿಂಹದ ಮೈ, ಆನೆಯ ಸೊಂಡಿಲು, ಎತ್ತಿನಷ್ಟು ಎತ್ತರ. ಅದರ ಮರಿಗಳೆರಡನ್ನು ಗಂಟುಮಾರ ಕಲ್ಲಾಗಿಸಿ ಬಾಗಿಲವಾಡದ ಎರಡು ಬದಿಗೆ ನಿಲ್ಲಿಸಿದ್ದ. ಆ ಸಂಕಟದಲ್ಲಿ ಅದು ಎದುರು ಬಂದವರನ್ನೆಲ್ಲ ಸೀಳುತ್ತಿತ್ತು.

ಯಾಳಿ ಘರ್ಜಿಸಿತು. ಸೋವನಿಗೆ ಹೆದರಿಕೆಗೆ ಉಸಿರು ಕಟ್ಟಿತು. ಉಸಿರು ಕಟ್ಟಿದ್ದೇ ಎದೆಯೊಳಗಿನ ಸಿಳ್ಳೆ ಎದ್ದಿತು. ಕುಂಯ್, ಕುಂಯ್.

ಯಾಳಿ ಎತ್ತಿದ ಪಂಜವನ್ನು ಹಾಗೇ ನಿಲ್ಲಿಸಿತು. ಸೊಂಡಿಲು ಚಾಚಿ ಸೋವನ ಎದೆ ಮೂಸಿತು. ಕಿವಿ ತಂದು ಎದೆಗೆ ಒತ್ತಿ ಕೇಳಿತು.

"ಅಲ್ಲಾಡಬೇಡ," ಬೂತ ಪಿಸುಗುಟ್ಟಿದ. "ನಿನ್ನೆದೆಯಲ್ಲಿ ತನ್ನ ಮಕ್ಕಳಿದ್ದಾವೆ ಅಂದ್ಕೊಂಡಿದೆ."

"ಎಷ್ಟು ಹೊತ್ತೋ?"

"ಅದರ ಸಮಾಧಾನ ಆಗೋ ತನಕ."

ಸೋವ ನಿಂತೇ ಇದ್ದ. ಯಾಳಿ ಕಣ್ಣು ಮುಚ್ಚಿ ಕೇಳುತ್ತ ಕೇಳುತ್ತ ಮಲಗಿತು. ನಾಲಿಗೆಯಿಂದ ಒಂದು ಸಲ ಅವನ ಎದೆ ನೆಕ್ಕಿ ದಾರಿ ಬಿಟ್ಟಿತು. ಆ ನಾಲಿಗೆ ಅರದಂತಿತ್ತು. ಸೋವನ ಎದೆಯ ಕೂದಲು ಮತ್ತೆ ಬೆಳೆಯಲೇ ಇಲ್ಲ.

ಒಳಗೆ ಅಖಾಡವಿತ್ತು. ಗಂಟುಮಾರ ಒಂದು ಮಂಡಿ ನೀವಿಕೊಳ್ಳುತ್ತ ಕೂತಿದ್ದ. ಬೂತನ ಕಸುವಿನ ಹಿಂದೆಯೇ ಮಂಡಿಯ ಬಾವೂ ಹರಿದು ಬಂದಿತ್ತು. ಅವನು ಪಾಪ, ಕೂರುವ ಮಣೆಯೇ ಸರಿಯಿಲ್ಲವೆಂದು ಎರಡು ಮಣೆ ಒಡೆದು ಹಾಕಿದ್ದ.

"ಇದೇನು, ಒಬ್ಬ ಇನ್ನೊಬ್ಬನ ಹೆಣ ಹೊತ್ಕೊಂಡು ಬಂದಿದ್ದಾನೆ?" ಎಂದು ನಕ್ಕ.

"ಹೆಣ ನಿಮ್ಮಪ್ಪ," ಅಂದ ಬೂತ.

ಸೋವ ಅವನನ್ನು ಗೋಡೆಗೆ ಒರಗಿಸಿ, ಸೋರೆಬುರುಡೆಯನ್ನು ಪಕ್ಕಕ್ಕಿಟ್ಟು, ಹಿಡಿ ಮಣ್ಣು ಹಣೆಗೆ ಮುಟ್ಟಿಸಿಕೊಂಡ. ಬೂತನ ಕಾಲು ಪಾದದಿಂದ ಮೀನಖಂಡದ ತನಕ ಕೆಂಪಾಗಿ ಮಣ್ಣಾಗುತ್ತಿತ್ತು. ಸೂರ್ಯ ಪಡುವಣದ ಗೋಡೆಗೆ ಎರಡು ಮೊಳ ಮೇಲಿದ್ದ.

ಇಬ್ಬರೂ ಕೈಗೆ ಕೈ ಕೊಟ್ಟರು.

ಸೋವನ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದದ್ದು ಯಾವುದು? ಕಸುವಲ್ಲ. ಅದು ಮೂರು ಹಿಡಿ ಇದ್ದೀತು. ಹುಟ್ಟಿದಂದಿನಿಂದ ಎದೆ ತುಂಬಿಕೊಂಡಿದ್ದ ಉಬ್ಬಸ, ಕಟ್ಟೆ ಒಡೆದ ಕೆರೆಯ ಹಾಗೆ ಗಂಟುಮಾರನ ಮೈಗೆ ನುಗ್ಗಿ, ಹಿಂದಿನಿಂದ ಕಸುವು ಬರುವ ದಾರಿಯನ್ನೇ ಕಟ್ಟಿಬಿಟ್ಟಿತು.

ಸೋವ ಉಸಿರೆಳೆದ. ಉಸಿರು ಒಳಗೆ ಹೋಯಿತು, ಹೋಗುತ್ತಲೇ ಇತ್ತು. ಅವನ ಎದೆಯಲ್ಲಿ ಇಷ್ಟೊಂದು ಜಾಗವಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ತಲೆ ತಿರುಗುವಷ್ಟು ಸುಖ. ಒಂದೇ ನೆಗೆತಕ್ಕೆ ಗಂಟುಮಾರನ ಸೊಂಟಕ್ಕೆ ಪಟ್ಟು ಹಾಕಿ, ನೆಲದಿಂದ ಎತ್ತಿದ.

ಗಂಟುಮಾರನ ಎದೆ ಕುಂಯ್ ಅಂದಿತು. ಕಣ್ಣು ಹೊರಗೆ ಬಂತು. ಇನ್ನೇನು ಎತ್ತಿ ಒಗೆಯಬೇಕು, ಅವನಿಗೆ ಕೆಮ್ಮು ಬಂತು.

ಕೆಮ್ಮು ಕೇಳಿದ್ದೇ ತಡ, ಸೋವನ ಕೈ ತಾನಾಗಿ ಪಟ್ಟು ಬಿಟ್ಟಿತು.

"ಏನೋ ಮಾಡ್ತಿದ್ದೀಯ, ಪೆದ್ದೇ?" ಬೂತ ಕೂಗಿದ.

"ಕೆಮ್ಮು ಬಂತಲ್ಲೋ ಅವನಿಗೆ," ಅಂದ ಸೋವ, ಮಾಟಗಾರನನ್ನು ಕೂರಿಸುತ್ತ. ಹನ್ನೆರಡು ವರ್ಷದ ರೂಢಿ ಒಂದು ಗಳಿಗೆಯಲ್ಲಿ ಹೋಗುತ್ತದೆಯೇ? ಬೆನ್ನು ಸವರಿದ, ಬುರುಡೆ ಬಾಯಿಗಿಟ್ಟ. "ಗಾಬರಿ ಆಗಬೇಡ. ಮುಂದಕ್ಕೆ ಬಾಗು. ಬಿಸಿ ಗಂಜಿ ಊದೋ ಹಾಗೆ ಮೆಲ್ಲಗೆ ಊದು."

ಗಂಟುಮಾರ ಊದಿದ. ಉಸಿರು ಬಂತು. ಹುಬ್ಬೇರಿಸಿ ನೋಡಿದ.

"ಆಯಿತಾ?" ಅಂದ ಸೋವ. "ಏಳು. ಅದೇ ಪಟ್ಟಿನಿಂದ."

ಮತ್ತೆ ಸೊಂಟಕ್ಕೆ ಅದೇ ಪಟ್ಟು, ಕೈ ಎಲ್ಲಿತ್ತೋ ಅಲ್ಲೇ. ಗಂಟುಮಾರ ಒಂಬೈನೂರು ಜಟ್ಟಿಗಳ ಕಸುವಿನಿಂದ ಬಿಡಿಸಿಕೊಳ್ಳಲು ಹೋದ. ಕಸುವೇನೋ ಇತ್ತು, ಉಸಿರಿಲ್ಲದೆ ಅದು ಒಲೆಯಿಲ್ಲದ ಅಡುಗೆಮನೆ. ಮತ್ತೆ ಕೆಮ್ಮು. ಸೋವ ಬಿಟ್ಟ, ಕೂರಿಸಿದ, ಸವರಿದ, ಕುಡಿಸಿದ. ಬೂತನ ಮಣ್ಣು ಮಂಡಿ ದಾಟಿತು.

"ಸೋವ," ಅಂದ ಬೂತ, ಈಗ ಮೆಲ್ಲಗೆ. "ನಿನ್ನೆದೆ ಹಗುರವಾಗಿದೆ ಅಲ್ವೇನೋ? ಹೋಗಿಬಿಡು. ಮೆಟ್ಟಿಲಿಳಿದು ನಡಿ. ಗಂಟು ಬಿಚ್ಚಿದರೆ ಅದೂ ನಿನಗೇ ವಾಪಸು ಬರುತ್ತೆ."

"ಗೊತ್ತು," ಅಂದ ಸೋವ. ಆ ದೊಡ್ಡ ಉಸಿರನ್ನು ಇನ್ನೊಂದು ಸಲ ಪೂರ್ತಿ ಎಳೆದುಕೊಂಡ. "ಹೋಗಿ? ಯಾರ ಜೊತೆ ಆಡಲಿ?" ಗಂಟುಮಾರನ ಕಡೆ ತಿರುಗಿದ. "ಏಳು. ಅದೇ ಪಟ್ಟಿನಿಂದ."

ಮೂರನೆಯ ಸಲ ಕೆಮ್ಮಿನ ಜೊತೆ ಮಂಡಿಯೂ ಕೈಕೊಟ್ಟಿತು. ಗಂಟುಮಾರ ಮಣ್ಣಿನಲ್ಲಿ ಕುಸಿದು ಕೂತ.

"ಎಷ್ಟು ಸಲ ಹೀಗೆ?" ಏದುತ್ತ ಕೇಳಿದ.

"ಮುಗಿಯೋ ತನಕ. ನಮ್ಮಲ್ಲಿ ಹನ್ನೊಂದು ದಿನ ಆಡಿದ್ದೂ ಇದೆ."

"ಇದು ಹೋಗಲ್ವಾ, ಈ ಎದೆಯಲ್ಲಿರೋದು?"

"ಇವತ್ತು ಹೋಗುತ್ತೆ. ನಾಳೆ ಬರಬಹುದು. ಮೋಡ ಹಾಕಿದರೆ ಖಂಡಿತ ಬರುತ್ತೆ."

"ಇದನ್ನಿಟ್ಕೊಂಡು ನೀನು ಕುಸ್ತಿ ಆಡ್ತೀಯಾ?"

"ದಿನಾ," ಅಂದ ಸೋವ. "ನೀರು ಕುಡಿದಾಯಿತಾ? ಏಳು."

ಗಂಟುಮಾರ ಏಳಲಿಲ್ಲ. ಒಂಬೈನೂರು ಜಟ್ಟಿಗಳನ್ನು ಕೆಡವಿದವನಿಗೆ, ಬಿಟ್ಟು ಬಿಟ್ಟು ಹಿಡಿಯುವ ಈ ಒಬ್ಬನಿಂದ ಸಾಕುಸಾಕಾಗಿ ಹೋಯಿತು. "ನಿಂದು ನೀನೇ ತಗೊಳ್ಳಯ್ಯ," ಎಂದು ಸೊಂಟಕ್ಕೆ ಕೈ ಹಾಕಿದ. ಉಬ್ಬಸವೊಂದನ್ನೇ ಹೊರಗೆ ಹಾಕಲು ಹುಡುಕಾಡಿದ. ಆದರೆ ಎಲ್ಲಕ್ಕೂ ಇದ್ದದ್ದು ಒಂದೇ ಕಗ್ಗಂಟು. ಬಿಚ್ಚಿದರೆ ಎಲ್ಲಕ್ಕೂ ಬಾಗಿಲು. ಸೂರ್ಯ ಗೋಡೆ ಮುಟ್ಟಿದ. ಬೆಟ್ಟ ಒಂದು ಪಾದ ಎತ್ತಿತು. ಗಂಟುಮಾರ ಕೆಮ್ಮುತ್ತಲೇ ಗಂಟು ಬಿಚ್ಚಿದ.

ಒಂಬೈನೂರು ಜನರ ಕಸುವು ಜೇನುಹುಟ್ಟು ಎದ್ದಂತೆ ಎದ್ದು ಊರಿನ ಕಡೆ ಹಾರಿತು. ಎತ್ತಿದ ಪಾದವನ್ನು ಎಲ್ಲಿಡಬೇಕೆಂದು ತಿಳಿಯದೆ ಬೆಟ್ಟ ಅಲ್ಲೇ ಊರಿಬಿಟ್ಟಿತು, ಇಂದಿಗೂ ಕದಲಿಲ್ಲ. ಬಾಗಿಲಲ್ಲಿ ಕಲ್ಲಿನ ಮರಿಗಳು ಸೀನಿ ಎಚ್ಚೆತ್ತವು, ಯಾಳಿ ಅವುಗಳ ಕುತ್ತಿಗೆ ಕಚ್ಚಿ ಎತ್ತಿಕೊಂಡು ಕಾಡಿಗೆ ಹೋಯಿತು. ಬೂತನ ಕಾಲಿನ ಮಣ್ಣು ಉದುರಿತು. ಅವನು ಎದ್ದು ನಿಂತ, "ಅಯ್ಯಯ್ಯೋ ನನ್ನ ಮಂಡಿ" ಅಂದ, ಅನ್ನುತ್ತ ಸೋವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಸೋವ ಕೆಮ್ಮುತ್ತ ನಗುತ್ತಿದ್ದ, ನಗುತ್ತ ಕೆಮ್ಮುತ್ತಿದ್ದ.

ಗಂಟುಮಾರನೊಳಗೆ ಅವನ ಸ್ವಂತದ್ದೆಂದು ಉಳಿದದ್ದು ಒಂದು ಮಗುವಿನಷ್ಟು ಕಸುವು. ಅವನನ್ನೂ ಕರೆದುಕೊಂಡು ಬಂದರು. ಮಾಳವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, "ಬೆಳಿಗ್ಗೆ ಬಾ. ಮೊದಲು ಮೂರು ಬಸ್ಕಿ. ಇನ್ನೊಬ್ಬರ ಕೈ ಮುಟ್ಟೋದು ಆಮೇಲೆ," ಅಂದಳು. ಆ ಮೂರು ಬಸ್ಕಿಗೆ ಅವನಿಗೆ ಒಂದು ವರ್ಷ ಹಿಡಿಯಿತು. ಮುಗಿದ ದಿನ ಊರಿಗೆಲ್ಲ ಬೆಲ್ಲ ಹಂಚಿದನಂತೆ.

ಮಾರನೆಯ ಬೆಳಗ್ಗೆ ಕೆಮ್ಮಿನ ಗರಡಿಯ ಮುಂದೆ ಒಂದು ಸಾಲು ನಿಂತಿತ್ತು, ಅರಮನೆಯ ತನಕ. ಎಲ್ಲರೂ ದೊಡ್ಡ ದೊಡ್ಡ ಜಟ್ಟಿಗಳು. ಒಬ್ಬನಿಗೆ ವರ್ಷಗಳಿಂದ ಭುಜ ಎತ್ತಲಾಗುತ್ತಿರಲಿಲ್ಲ, ಇನ್ನೊಬ್ಬನಿಗೆ ತಲೆಸುತ್ತು. ಇಷ್ಟು ದಿನ ಯಾರಿಗೂ ಹೇಳದೆ ಮೀಸೆಯ ಹಿಂದೆ ಬಚ್ಚಿಟ್ಟುಕೊಂಡಿದ್ದರು. ಸಾಲಿನ ಕೊನೆಯಲ್ಲಿ ತಲೆಗೆ ಮುಸುಕು ಹಾಕಿಕೊಂಡ ಒಬ್ಬ ಸೊಂಟ ಹಿಡಿದು ನಿಂತಿದ್ದ.

"ಮಹಾಸ್ವಾಮಿ, ಮುಸುಕು ತೆಗೀರಿ, ಸೆಕೆ," ಅಂದಳು ಮಾಳವ್ವ. "ಸೋವ, ಇವರಿಗೆ ನೀನು ಜೋಡಿ."

ಬಾಚರಸ ಅಖಾಡಕ್ಕಿಳಿದ. ಸೋವ ಅವನಿಗೆ ಮಣ್ಣು ಮುಕ್ಕಿಸಿದ, ಕೂರಿಸಿದ, ಬೆನ್ನು ಸವರಿದ, ಮತ್ತೆ ಮಣ್ಣು ಮುಕ್ಕಿಸಿದ. ರಾಜ ಅಷ್ಟು ಸಂತೋಷವಾಗಿದ್ದದ್ದನ್ನು ಯಾರೂ ನೋಡಿರಲಿಲ್ಲ. ಅಂದಿನಿಂದ ಕೆಂದೂಳಿಯಲ್ಲಿ ಎಲ್ಲರೂ ಕೆಮ್ಮುತ್ತ, ಕುಂಟುತ್ತ, ತೊಡೆ ತಟ್ಟುತ್ತ, ನೂರು ವರ್ಷ ಸುಖವಾಗಿ ಬಾಳಿದರು. ಕೆಲವರು ನೂರ ಹತ್ತು.